ಮೀಟರಿನ ಅಂಕಿಯೂ ಗಾಡಿಯ ಲೆಕ್ಕವೂ

ದಶಲಕ್ಷಣ ಪರ್ವ ಮುಗಿದು ದೀಪಾವಳಿ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ವಯಸ್ಸಾದವರನ್ನು ಮಂದಿರಕ್ಕೆ ಕರೆದೊಯ್ಯಬೇಕು, ಮುನಿಗಳ ಚಾತುರ್ಮಾಸ ನಡೆದ ಊರಿಗೆ ಹೋಗಿ ಬರಬೇಕು, ಬೀಗರ ಮನೆಯ ಕಾರ್ಯ ತಪ್ಪಿಸಬಾರದು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆತನದವರಿಗೆ ಬಸ್ಸಿನ ವೇಳೆ ಹೊಂದುವುದಿಲ್ಲ. ಆದರೆ ಹೊಸ ಚಿಕ್ಕ ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ ಐದಾರು ಲಕ್ಷ ಬೇಕು. ಅಂಗಡಿಯ ಬಂಡವಾಳ ಕಿತ್ತು ಗಾಡಿಗೆ ಹಾಕುವುದು ವ್ಯಾಪಾರಸ್ಥನಿಗೆ ಒಪ್ಪುವ ಕೆಲಸವಲ್ಲ. ಆದ್ದರಿಂದ ಹಳೇ ಗಾಡಿ ನೋಡೋಣ ಎನ್ನುತ್ತೇವೆ.

ಹಳೇ ಗಾಡಿ ನೋಡಲು ಹೋದ ಪ್ರತಿಯೊಬ್ಬನೂ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಓಡೇದ?" ನಲವತ್ತು ಸಾವಿರ ಅಂದರೆ ಮುಖ ಅರಳುತ್ತದೆ. ಒಂದು ಲಕ್ಷ ಅಂದರೆ ಚಪ್ಪಲಿ ಮೆಟ್ಟಿ ಹೊರಡುತ್ತೇವೆ. ಈ ಒಂದು ಪ್ರಶ್ನೆಯಿಂದಲೇ ನಾನು ಮೋಸ ಹೋದೆ. ಅದೇ ಪ್ರಶ್ನೆಯನ್ನು ಬದಿಗಿಟ್ಟಾಗ ಒಳ್ಳೆಯ ಗಾಡಿ ಸಿಕ್ಕಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಂತ್ರ ತಿಳಿದವನಲ್ಲ, ಅಕ್ಕಲಕೋಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡಿಕೊಂಡಿರುವವನು. ಆದರೆ ಪೆಟ್ಟು ತಿಂದವನ ಮಾತು ನಾಲ್ಕು ಮನೆಗೆ ಉಪಯೋಗವಾದರೆ ಪೆಟ್ಟೂ ವ್ಯರ್ಥವಲ್ಲ.

ತುಳಜಾಪುರದ ಘಾಟಿನಲ್ಲಿ

2016ರಲ್ಲಿ ಒಂದು ದೊಡ್ಡ ಊರಿನ ವ್ಯಾಪಾರಿಯಿಂದ ಡೀಸೆಲ್ ಗಾಡಿ ತಂದೆ. 2010ರ ಗಾಡಿ, ಮೀಟರಿನಲ್ಲಿ 46,300 ಕಿಲೋಮೀಟರ್. ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಒಳಗೆ ಸುವಾಸನೆ. 2,60,000 ರೂಪಾಯಿ ಎಣಿಸಿ ಕೊಟ್ಟೆ. ಹೆಚ್ಚು ಓಡಿಸುವವನೇ ಡೀಸೆಲ್ ಗಾಡಿ ಕೊಳ್ಳುವುದು, ಆರು ವರ್ಷ ಅದನ್ನು ಯಾರು ಸುಮ್ಮನೆ ನಿಲ್ಲಿಸಿರುತ್ತಾರೆ ಎಂಬ ಸಣ್ಣ ವಿಚಾರವೂ ತಲೆಗೆ ಬರಲಿಲ್ಲ. ತೊಗರಿ ಕೊಳ್ಳುವಾಗ ಚೀಲದ ಬಾಯಿ ನೋಡಿ ಯಾರೂ ದರ ಕಟ್ಟುವುದಿಲ್ಲ. ಕೊಳವೆ ಚುಚ್ಚಿ ನಡುವಿನ ಕಾಳು, ತಳದ ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ಗಾಡಿಯಲ್ಲಿ ನಾನು ಚೀಲದ ಬಾಯಿ ಮಾತ್ರ ನೋಡಿದೆ.

ಅದೇ ವರ್ಷ ಡಿಸೆಂಬರಿನಲ್ಲಿ ಅವ್ವನನ್ನು ಕುಂಥಲಗಿರಿಗೆ ಕರೆದುಕೊಂಡು ಹೊರಟೆವು. ದೇಶಭೂಷಣ, ಕುಲಭೂಷಣ ಮುನಿಗಳ ಸಿದ್ಧಕ್ಷೇತ್ರ; ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಸಲ್ಲೇಖನ ಪಡೆದ ಸ್ಥಳ. ಅವ್ವನಿಗೆ ಆಗ 82 ವರ್ಷ. ಕ್ಷೇತ್ರದ ದರ್ಶನ ಆದ ಮೇಲೆಯೇ ಆಹಾರ, ನೀರು ಎಂದು ಬೆಳಿಗ್ಗೆ ನಿಯಮ ತೆಗೆದುಕೊಂಡಿದ್ದಳು. ಸೊಲ್ಲಾಪುರ ದಾಟಿ ತುಳಜಾಪುರದ ಘಾಟು ಏರುವಾಗ ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದಿತು. ಗಾಡಿ ನಿಂತಿತು.

ಹಗ್ಗ ಕಟ್ಟಿ ಎಳೆಯುವ ಗಾಡಿ ಬರುವ ಹೊತ್ತಿಗೆ ನಾಲ್ಕು ಗಂಟೆ. ಚಳಿಗಾಲದ ದಿನ, ಹೊತ್ತು ಬೇಗ ಇಳಿಯುತ್ತದೆ. ಬೇರೆ ವಾಹನ ಮಾಡಿಕೊಂಡು ಹೋದರೂ ಹೊತ್ತು ಮುಳುಗುವ ಮೊದಲು ಕ್ಷೇತ್ರ ಮುಟ್ಟುವಂತಿರಲಿಲ್ಲ. ಸೊಸೆ ಡಬ್ಬಿ ಬಿಚ್ಚಲು ಹೋದಳು, ಅವ್ವ ಕೈ ಅಡ್ಡ ಹಿಡಿದಳು. ಆ ದಿನ ಆಕೆಗೆ ಒಂದು ಗುಟುಕು ನೀರೂ ಇಲ್ಲ. ರಾತ್ರಿ ಬಾಡಿಗೆ ಟೆಂಪೋದಲ್ಲಿ ಊರಿಗೆ ಮರಳುವಾಗ, "ಇರಲಿ ಬಿಡೋ ತಮ್ಮಾ, ಒಂದು ಉಪವಾಸ ಆತು" ಅಂದಳು. ಆಕೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ರಿಪೇರಿಗೆ 42,000 ರೂಪಾಯಿ. ಕೆಲಸ ಮಾಡಿದ ಮಿಸ್ತ್ರಿ ನನ್ನನ್ನು ಕರೆದು ಕ್ಲಚ್ ಪೆಡಲ್ ತೋರಿಸಿದ. ರಬ್ಬರು ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. "ಸಾವಕಾರ್ರ, ಮೀಟರ್ ಸುಳ್ಳ ಹೇಳತೈತಿ, ಪೆಡಲ್ ಸುಳ್ಳ ಹೇಳಂಗಿಲ್ರಿ" ಅಂದ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಚಾಸಿ ನಂಬರ್ ಕೊಟ್ಟು ವಿಚಾರಿಸಿದಾಗ ಹಳೆಯ ದಾಖಲೆ ಸಿಕ್ಕಿತು. 2014ರ ಜುಲೈನಲ್ಲೇ ಆ ಗಾಡಿ 1,21,000 ಕಿಲೋಮೀಟರ್ ಓಡಿತ್ತು!

ಅಂಕಿಯನ್ನು ನಂಬದೆ ಲೆಕ್ಕ ಕೇಳಿ

ಮುಳ್ಳು, ಗಾಲಿ ಇದ್ದ ಹಳೆಯ ಮೀಟರು ತಿರುಗಿಸಲು ಬಿಚ್ಚಬೇಕಿತ್ತು. ಈಗಿನ ಡಿಜಿಟಲ್ ಮೀಟರಿನ ಅಂಕಿಯನ್ನು ಒಂದು ಸಣ್ಣ ಯಂತ್ರ ಜೋಡಿಸಿ ಸ್ವಲ್ಪ ಹೊತ್ತಿನಲ್ಲಿ ಬದಲಿಸುತ್ತಾರೆ. ಆದ್ದರಿಂದ ಅಂಕಿಗೆ ಸಾಕ್ಷಿ ಬೇಕು. ಸಾಕ್ಷಿಗಳು ಇವು:

ಮೊದಲನೆಯದು, ಸರ್ವಿಸ್ ದಾಖಲೆ. ಪ್ರತಿ ಸರ್ವಿಸಿನ ಬಿಲ್ಲಿನಲ್ಲಿ ತಾರೀಖು ಮತ್ತು ಕಿಲೋಮೀಟರ್ ಬರೆದಿರುತ್ತದೆ. ನಮ್ಮ ಕಿರ್ದಿಯಲ್ಲಿ ಶಿಲ್ಕು ದಿನದಿಂದ ದಿನಕ್ಕೆ ಹೊಂದಿ ಬರಬೇಕಲ್ಲ, ಹಾಗೆಯೇ ಈ ಅಂಕಿಗಳೂ ಸಾಲಾಗಿ ಏರುತ್ತ ಬರಬೇಕು. ನಡುವೆ ಎರಡು ವರ್ಷ ಬಿಲ್ಲೇ ಇಲ್ಲದಿದ್ದರೆ ಅಲ್ಲಿ ಏನೋ ಇದೆ ಎಂದು ತಿಳಿಯಿರಿ.

ಎರಡನೆಯದು, ಗಾಡಿಯ ಮೈ. ಪೆಡಲಿನ ರಬ್ಬರು, ಸ್ಟೇರಿಂಗಿನ ಮೇಲ್ಭಾಗ, ಗೇರಿನ ಗುಂಡು, ಚಾಲಕನ ಸೀಟಿನ ಬಲಗಡೆಯ ಅಂಚು ಎಷ್ಟು ಸವೆದಿವೆ ನೋಡಿ. ಹೊಸ ಸೀಟ್ ಕವರ್ ಹಾಕಿದ್ದರೆ ಅದನ್ನು ಎತ್ತಿ ಒಳಗೆ ನೋಡಿ.

ಮೂರನೆಯದು, ಟಯರು. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೂವತ್ತು ಸಾವಿರ ಓಡಿದ್ದು ಎನ್ನುವ ಗಾಡಿಗೆ ಎರಡನೇ ಜೋಡಿ ಟಯರು ಯಾಕೆ ಬಂತು ಎಂದು ಕೇಳಿ.

ಈ ಮೂರೂ ಹೊಂದಿದರೆ ಒಂದು ಲಕ್ಷ ಕಿಲೋಮೀಟರಿಗೆ ಹೆದರಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಲಕ್ಷ ಕಿಲೋಮೀಟರಿನ ಗಾಡಿ, ಊರೊಳಗೆ ನಿಂತು ನಿಂತು ಓಡಿ ಎಣ್ಣೆ ಕಾಣದ ನಲವತ್ತು ಸಾವಿರದ ಗಾಡಿಗಿಂತ ಮೇಲು. ಅದಕ್ಕೆ ದರವೂ ಕಡಿಮೆ. ಜನ ಅಂಕಿಗೆ ಹೆದರಿ ಬಿಟ್ಟು ಹೋಗುವುದರಿಂದಲೇ ಲೆಕ್ಕ ತಿಳಿದವನಿಗೆ ಅದು ಲಾಭದ ಸರಕು.

ಹಣದ ಮಿತಿ ಮೊದಲು, ಗಾಡಿ ಆಮೇಲೆ

ಪರಿಗ್ರಹ ಪರಿಮಾಣ ನಮ್ಮ ಅಣುವ್ರತಗಳಲ್ಲಿ ಒಂದು. ಗಾಡಿ ಕೊಳ್ಳುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಎರಡೂವರೆ ಲಕ್ಷ ಎಂದು ಮನೆಯಲ್ಲಿ ಕೂತು ನಿಶ್ಚಯಿಸಿದರೆ, ಗಾಡಿಗೆ ಎರಡು ಲಕ್ಷ ಮಾತ್ರ. ಉಳಿದ ಐವತ್ತು ಸಾವಿರ ಮೊದಲ ರಿಪೇರಿಗೆ, ಕಾಗದಪತ್ರಕ್ಕೆ, ವಿಮೆಗೆ. ಹಳೇ ಗಾಡಿಗೆ ಬಂದ ಕೂಡಲೇ ಎಣ್ಣೆ, ಫಿಲ್ಟರು, ಬ್ರೇಕ್ ಪ್ಯಾಡು, ಬ್ಯಾಟರಿ, ಒಂದೆರಡು ಟಯರು ಬೇಕಾಗುವುದು ಸಹಜ. ಇದನ್ನು ಲೆಕ್ಕ ಹಿಡಿಯದವನೇ ಆಮೇಲೆ ಗಾಡಿಯನ್ನು ಬೈಯುತ್ತಾನೆ.

ಇನ್ನೊಂದು ಎಚ್ಚರ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಹೊಸದರ ದರ ಇಳಿದರೆ ಹಳೆಯದರ ದರವೂ ಇಳಿಯಬೇಕಲ್ಲವೇ? ಎರಡು ಮೂರು ವರ್ಷದ ಗಾಡಿಗೆ ಹಳೆಯ ದರವನ್ನೇ ಹೇಳುವವರಿದ್ದಾರೆ. ಅದೇ ಗಾಡಿಯ ಹೊಸದರ ಇಂದಿನ ದರ ತಿಳಿದುಕೊಂಡೇ ಮಾತಿಗೆ ಕೂಡಬೇಕು.

ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ತಿಂಗಳ ಓಡಾಟ ನಿರ್ಧರಿಸಬೇಕು. ನಮ್ಮದು ತಿಂಗಳಿಗೆ 900 ಕಿಲೋಮೀಟರ್. ಲೀಟರಿಗೆ 100 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯಿರಿ. ಲೀಟರಿಗೆ 18 ಕೊಡುವ ಗಾಡಿಗೆ 50 ಲೀಟರು, 5,000 ರೂಪಾಯಿ. 12 ಕೊಡುವ ಗಾಡಿಗೆ 75 ಲೀಟರು, 7,500 ರೂಪಾಯಿ. ವರ್ಷಕ್ಕೆ 30,000 ರೂಪಾಯಿ ವ್ಯತ್ಯಾಸ. ಆದ್ದರಿಂದ ಅಗ್ಗಕ್ಕೆ ಸಿಗುವ ದೊಡ್ಡ ಗಾಡಿ ಅಗ್ಗವಲ್ಲ. ಹಾಗೆಂದು ಡೀಸೆಲ್ ಮೈಲೇಜಿಗೆ ಆಸೆಪಡುವುದೂ ಸಲ್ಲ. ತಿಂಗಳಿಗೆ ಸಾವಿರದ ಒಳಗೆ ಓಡಿಸುವವನಿಗೆ ಹಳೇ ಡೀಸೆಲ್ ಗಾಡಿಯ ಇಂಜೆಕ್ಟರ್ ಮತ್ತು ಟರ್ಬೊ ರಿಪೇರಿ ಒಮ್ಮೆ ಬಂದರೆ ಮೂರು ವರ್ಷದ ಉಳಿತಾಯ ಹೋಗುತ್ತದೆ. ಮಾರುವವನು ಹೇಳುವ ಮೈಲೇಜು ಬೇಡ. ಟ್ಯಾಂಕು ತುಂಬಿಸಿ, ಇನ್ನೂರು ಕಿಲೋಮೀಟರ್ ಓಡಿಸಿ, ಮತ್ತೆ ತುಂಬಿಸಿ ಭಾಗಾಕಾರ ಮಾಡಿದರೆ ನಿಜ ತಿಳಿಯುತ್ತದೆ. ಪರಿಚಯದವರ ಗಾಡಿಯಾದರೆ ಇಷ್ಟು ಕೇಳಲು ಸಂಕೋಚ ಬೇಡ.

ಪೆಟ್ರೋಲಿನಲ್ಲಿ ಈಗ ಶೇಕಡ 20ರಷ್ಟು ಎಥೆನಾಲ್ ಬೆರೆಸಿ ಮಾರುತ್ತಾರೆ. ಹಳೆಯ ಗಾಡಿಗಳ ರಬ್ಬರ್ ಪೈಪು, ಸೀಲುಗಳು ಅದಕ್ಕೆಂದು ಮಾಡಿದವಲ್ಲ. 2023ರ ಏಪ್ರಿಲ್‌ಗೆ ಮೊದಲಿನ ಗಾಡಿ ಕೊಂಡರೆ ಇವನ್ನು ಮಿಸ್ತ್ರಿಗೆ ತೋರಿಸಿ, ಬಿರುಕು ಬಿಟ್ಟಿದ್ದರೆ ಬದಲಿಸಿ.

ಬೆಳಗಿನ ಪರೀಕ್ಷೆ

ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು, ಸ್ವಂತ ಮಿಸ್ತ್ರಿಯನ್ನು ಕರೆದುಕೊಂಡೇ ಹೋಗಬೇಕು. ಆತನಿಗೆ ಐನೂರೋ ಸಾವಿರವೋ ಕೂಲಿ ಕೊಡಿ. ಮಾರುವವನಿಂದ ದಲಾಲಿ ತೆಗೆದುಕೊಳ್ಳುವ ಮಿಸ್ತ್ರಿ ಬೇಡ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ ಎಂಬುದರಲ್ಲೇ ಅರ್ಧ ಗುಟ್ಟು ಇರುತ್ತದೆ.

ಹೊಗೆಯ ಬಣ್ಣ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ; ನನ್ನ ಗಾಡಿಯ ರೋಗ ಅದೇ. ಕಪ್ಪು ಹೊಗೆ ಬಂದರೆ ಇಂಧನ ಸರಿಯಾಗಿ ಸುಡುತ್ತಿಲ್ಲ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿ. ಕೆನೆಯಂಥ ಬಿಳುಪು ಅಂಟಿದ್ದರೆ ಎಣ್ಣೆಗೆ ನೀರು ಬೆರೆತಿರುವ ಸಂಶಯ. ಪೂರ್ತಿ ತಪಾಸಣೆ ಆಗದೆ ಮುಂದೆ ಹೋಗಬೇಡಿ.

ಅಪಘಾತದ ಗಾಡಿ ಗುರುತಿಸಲು ಬಾನೆಟ್ ಮತ್ತು ಬಾಗಿಲುಗಳ ಬೋಲ್ಟುಗಳನ್ನು ನೋಡಿ. ಪಾನಾ ಹಾಕಿದ ಗುರುತಿದ್ದರೆ ಬಿಚ್ಚಿದ್ದಾರೆ. ತೆಳುವಾದ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡಿದು ನೋಡಿದರೆ, ಒಳಗೆ ಲಪ್ಪ ದಪ್ಪಗಿದ್ದಲ್ಲಿ ಅದು ಹಿಡಿಯುವುದಿಲ್ಲ. ಬಂಪರ್ ಬದಲಿಸಿದ್ದು ದೊಡ್ಡ ದೋಷವಲ್ಲ. ಛಾವಣಿ ಹೊತ್ತ ಕಂಬಗಳಿಗೆ ವೆಲ್ಡಿಂಗ್ ಆಗಿದ್ದರೆ ಆ ಗಾಡಿ ಬೇಡವೇ ಬೇಡ. ಮನೆಮಂದಿ ಕೂಡುವ ಗಾಡಿ ಅದು.

ನೆರೆಯಲ್ಲಿ ನೆನೆದ ಗಾಡಿಯ ಮಾತು ನಮ್ಮ ಭಾಗಕ್ಕೆ ಮುಖ್ಯ. 2019ರಲ್ಲಿ ಸಾಂಗಲಿ, ಕೊಲ್ಹಾಪುರಗಳಲ್ಲಿ ನೆರೆ ಬಂತು, 2021ರಲ್ಲಿ ಮತ್ತೆ ಬಂತು. ನೀರಲ್ಲಿ ನಿಂತ ಗಾಡಿಗಳು ತೊಳೆದು ಒಣಗಿ ದೂರದ ಊರುಗಳಿಗೆ ಮಾರಾಟಕ್ಕೆ ಹೋಗುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಮಣ್ಣಿನ ಕಲೆ ಅಲ್ಲಿ ಉಳಿದಿರುತ್ತದೆ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೀಟಿನ ಕೆಳಗಿನ ಕಬ್ಬಿಣಕ್ಕೆ ತುಕ್ಕು ಹತ್ತಿದ್ದರೆ ಮಾತು ಮುಗಿಯಿತು.

ಕೊನೆಗೆ ಅರ್ಧ ಗಂಟೆಯಾದರೂ ಓಡಿಸಿ. ಒಂದು ಏರು, ಒಂದು ಕೆಟ್ಟ ರಸ್ತೆ, ಒಂದು ನೇರ ದಾರಿ ಇರಲಿ. ಏರಿನಲ್ಲಿ ಎಂಜಿನ್ ಕೂಗಿ ಗಾಡಿ ಏರದಿದ್ದರೆ ಕ್ಲಚ್ ಹೋಗಿದೆ. ಎಸಿ ಹಾಕಿ ನೋಡಿ. ಮನೆಯ ಹಿರಿಯರನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ ನೋಡಿ, ಹತ್ತಿ ಇಳಿಯಲು ಬಾಗಿಲು ಅನುಕೂಲವೇ ಎಂಬುದನ್ನು ಅವರೇ ಹೇಳಲಿ. ನಮ್ಮವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಸೀಟ್ ಕವರು, ಸ್ಟೇರಿಂಗ್ ಕವರು ರೆಕ್ಸಿನೋ ಚರ್ಮವೋ? ಚರ್ಮವಾದರೆ ತೆಗೆಸುವ ಖರ್ಚನ್ನು ದರದಲ್ಲಿ ಮುರಿದುಕೊಳ್ಳಿ.

ಗಡಿ ದಾಟುವ ಕಾಗದ

ಗಡಿಯಲ್ಲಿರುವ ನಮಗೆ ಬೇರೆ ರಾಜ್ಯದ ಗಾಡಿ ಕಣ್ಣಿಗೆ ಬೀಳುವುದೇ ಹೆಚ್ಚು. ಅಕ್ಕಲಕೋಟೆಯವನಿಗೆ ಕಲಬುರ್ಗಿಯ ಕೆಎ 32, ವಿಜಯಪುರದ ಕೆಎ 28. ಕಾಸರಗೋಡಿನ ಕೆಎಲ್ 14ರವನಿಗೆ ಮಂಗಳೂರಿನ ಕೆಎ 19. ಹೊಸೂರಿನ ಟಿಎನ್ 70ರವನಿಗೆ ಬೆಂಗಳೂರಿನ ಗಾಡಿ. ಆದರೆ ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರ್ ತೆಗೆದುಕೊಳ್ಳಲೇಬೇಕು. ಅದಕ್ಕೆ ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಬೇಕು, ಅದು ಫಾರ್ಮ್ 28. ಹೆಸರು ಬದಲಿಸಲು ಫಾರ್ಮ್ 29 ಮತ್ತು 30. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಫಾರ್ಮ್ 35. ಹೊಸ ರಾಜ್ಯದ ರಸ್ತೆ ತೆರಿಗೆಯನ್ನು ಮತ್ತೆ ಕಟ್ಟಬೇಕು. ಹಳೆಯ ರಾಜ್ಯದಿಂದ ಉಳಿದ ತೆರಿಗೆ ಮರಳಿ ಪಡೆಯಲು ಬೇರೆ ಅರ್ಜಿ. ಈ ಖರ್ಚು ಕೂಡಿಸಿದ ಮೇಲೆಯೂ ಅಗ್ಗವೇ ಎಂದು ನೋಡಿಕೊಂಡು ಸಂಚಕಾರ ಕೊಡಿ.

ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಿಮೆ, ಹೊಗೆ ತಪಾಸಣೆ, ಸಾಲದ ವಿವರ ಸಿಗುತ್ತದೆ. ದಂಡ ಬಾಕಿ ಇದೆಯೇ ಎಂದೂ ನೋಡಬಹುದು. ನಮ್ಮಂಥವರಿಗೆ ಬಾರದಿದ್ದರೆ ಮೊಮ್ಮಕ್ಕಳು ಎರಡು ನಿಮಿಷದಲ್ಲಿ ತೆಗೆದು ತೋರಿಸುತ್ತಾರೆ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಅದು ಆತನದು. ಕಾರಿನ ನೋಂದಣಿ 15 ವರ್ಷದ್ದು. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 5,000 ರೂಪಾಯಿಗೆ ಏರಿತು.

ಮಾರುವವರಿಗೂ ಒಂದು ಮಾತು. ಗಾಡಿ ಕೊಟ್ಟು ಹಣ ತೆಗೆದುಕೊಂಡರೆ ಮುಗಿಯಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಆತನೇ ಮಾಲೀಕ, ಅಪಘಾತದ ಪರಿಹಾರದ ಹೊಣೆಯೂ ಆತನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಂಬಿಕೆಯ ಮೇಲೆ ಕಾಗದ ಬಾಕಿ ಇಡಬೇಡಿ.

ನಾವು ಮಾರುವ ದಿನ

ಇನ್ನು ನನ್ನ ಡೀಸೆಲ್ ಗಾಡಿಯ ಉಳಿದ ಕಥೆ. ರಿಪೇರಿಯಾದ ಮೇಲೆ ಮಾರಲು ಇಟ್ಟೆ. ಹಳ್ಳಿಯೊಂದರ ಶಾಲಾ ಮಾಸ್ತರರು ಬಂದರು. ಮೀಟರ್ ನೋಡಿ, "ಬರೇ 52,000 ಓಡೇದಲ್ರೀ" ಎಂದು ಸಂತೋಷಪಟ್ಟು 2,20,000ಕ್ಕೆ ಒಪ್ಪಿದರು. ನಾನು ಸುಮ್ಮನಿದ್ದೆ. ಅವರು ಮರುದಿನ ಹಣ ತರುತ್ತೇನೆಂದು ಹೋದರು.

ರಾತ್ರಿ ಮಗ, "ಅಪ್ಪಾಜಿ, ನಮಗೂ ಹಂಗs ಕೊಟ್ಟಾರ. ನಾವೇನು ಮೀಟರ್ ತಿರುಗಿಸಿಲ್ಲಲ್ಲ" ಅಂದ. ಆ ಮಾತು ನನಗೆ ಹಿತವಾಗಿಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಅವ್ವ ಜಪಮಾಲೆ ಹಿಡಿದು ಮೂಲೆಯಲ್ಲಿ ಕೂತಿದ್ದಳು. "ಚೀಲದ ತಳದಾಗ ಕಲ್ಲ ಅದ ಅಂತ ಗೊತ್ತಿದ್ದೂ ನಿಮ್ಮಪ್ಪ ಎಂದಾದರೂ ಮಾರ್‍ಯಾನೇನು?" ಎಂದು ಕೇಳಿದಳು, ಅಷ್ಟೇ.

ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಅಚೌರ್ಯ ವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನ ಒಂದು, ಪ್ರತಿರೂಪಕ ವ್ಯವಹಾರ ಇನ್ನೊಂದು. ಅಂದರೆ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು ಮತ್ತು ಖೋಟಾ ಸರಕನ್ನು ಒಳ್ಳೆಯದೆಂದು ಕೊಡುವುದು. ಮಂದಿರದಲ್ಲಿ ಪ್ರವಚನ ಕೇಳುವಾಗ ಇದು ತಕ್ಕಡಿಗೆ ಹೇಳಿದ್ದು, ನಮ್ಮ ತಕ್ಕಡಿ ಸರಿಯಿದೆ ಎಂದು ನೆಮ್ಮದಿಯಾಗಿದ್ದೆ. ತಿರುಗಿಸಿದ ಮೀಟರೂ ಒಂದು ತಕ್ಕಡಿಯೇ. ತಿರುಗಿಸಿದವನು ಬೇರೆ ಇರಬಹುದು, ಆದರೆ ಆ ತಕ್ಕಡಿಯಲ್ಲಿ ತೂಗಲು ಹೊರಟವನು ನಾನು.

ಮರುದಿನ ಮಾಸ್ತರರಿಗೆ ಸರ್ವಿಸ್ ದಾಖಲೆ ತೋರಿಸಿದೆ. ಅವರು ಚಹಾ ಕುಡಿಯದೆ ಎದ್ದು ಹೋದರು. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಅವರ ಮುಖದಲ್ಲಿತ್ತು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ತಿಂಗಳ ನಂತರ, ಎಲ್ಲ ತಿಳಿದೇ ಕೊಂಡ ಒಬ್ಬ ಗ್ಯಾರೇಜಿನವನಿಗೆ 1,35,000ಕ್ಕೆ ಕೊಟ್ಟೆ. ಕರಾರಿನಲ್ಲಿ "ಮೀಟರಿನ ಅಂಕಿ ನಿಜವಲ್ಲ, 2014ರಲ್ಲೇ 1,21,000 ದಾಟಿದೆ" ಎಂದು ಬರೆಸಿ ಇಬ್ಬರೂ ಸಹಿ ಮಾಡಿದೆವು. ರಿಪೇರಿ ಸೇರಿ ನನಗಾದ ಒಟ್ಟು ಹಾನಿ 1,67,000 ರೂಪಾಯಿ. ಕಿರ್ದಿಯಲ್ಲಿ ಹಾಗೆಯೇ ಬರೆದಿದ್ದೇನೆ.

2019ರಲ್ಲಿ ಎರಡನೇ ಗಾಡಿ ತಂದೆ. ವಿಜಯಪುರದ ವೈದ್ಯರೊಬ್ಬರದು, 2012ರ ಪೆಟ್ರೋಲ್ ವ್ಯಾಗನ್ ಆರ್, ಒಂದೇ ಕೈಯಲ್ಲಿ 1,09,400 ಕಿಲೋಮೀಟರ್ ಓಡಿದ್ದು. ಅಷ್ಟು ಓಡಿದ್ದೇ ಎಂದು ಬೀಗರು ನಕ್ಕರು. ವೈದ್ಯರು ಒಂದು ಫೈಲು ಕೊಟ್ಟರು. ಅದರಲ್ಲಿ ಏಳು ವರ್ಷದ ಒಂದೊಂದು ಬಿಲ್ಲೂ ತಾರೀಖಿನ ಸಾಲಿನಲ್ಲಿತ್ತು. ಕ್ಲಚ್ ಇನ್ನು ಹೆಚ್ಚು ದಿನ ಬಾರದು ಎಂಬುದನ್ನೂ ತಾವೇ ಹೇಳಿದರು. ಗಾಡಿಗೆ 1,90,000, ಬಂದ ಮೇಲೆ ಕ್ಲಚ್, ಎರಡು ಟಯರು, ಬ್ಯಾಟರಿ, ಎಣ್ಣೆ ಸೇರಿ 31,500. ಎನ್‌ಒಸಿ ತಂದು ಎಂಎಚ್ 13 ಆಗಲು ಎರಡೂವರೆ ತಿಂಗಳು ಓಡಾಡಿದೆ. ಈಗ ಅದು 1,80,000 ದಾಟಿದೆ, ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಅವ್ವನನ್ನು ಅದೇ ಗಾಡಿಯಲ್ಲಿ ಕುಂಥಲಗಿರಿಗೆ ಕರೆದೊಯ್ದೆವು. ಮತ್ತೆ ಅದೇ ನಿಯಮ. ತುಳಜಾಪುರದ ಘಾಟಿನಲ್ಲಿ ನಾನು ಉಸಿರು ಹಿಡಿದು ಕೂತಿದ್ದೆ, ಆಕೆ ಣಮೋಕಾರ ಹೇಳುತ್ತಿದ್ದಳು. ಹನ್ನೊಂದೂವರೆಗೆ ದರ್ಶನವಾಯಿತು, ಹನ್ನೆರಡಕ್ಕೆ ಆಕೆಯ ಊಟವಾಯಿತು. ಅವ್ವ ಈಗಿಲ್ಲ.

ವೈದ್ಯರ ಆ ಫೈಲನ್ನು ನಾನೂ ಮುಂದುವರಿಸಿದ್ದೇನೆ. ಪ್ರತಿ ಬಿಲ್ಲೂ ಅದರಲ್ಲಿದೆ. ಮುಂದೆ ಗಾಡಿ ಮಾರುವ ದಿನ ಕೊಳ್ಳುವವನ ಕೈಗೆ ಮೊದಲು ಫೈಲು, ಆಮೇಲೆ ಕೀಲಿ ಎಂದು ಮಗನಿಗೆ ಹೇಳಿಟ್ಟಿದ್ದೇನೆ. ಇದನ್ನು ಓದಿದ ಬಂಧುಗಳೂ ಇಂದೇ ಒಂದು ಫೈಲು ತೆಗೆದು ಗಾಡಿಯ ಬಿಲ್ಲುಗಳನ್ನು ಜೋಡಿಸಿಡಿ. ಕೊಳ್ಳುವವನು ನಮ್ಮವನೇ ಇರಲಿ, ಬೇರೆಯವನೇ ಇರಲಿ, ಆತನ ಮನೆಯಲ್ಲೂ ಒಬ್ಬ ಅವ್ವ ಹಿಂದಿನ ಸೀಟಿನಲ್ಲಿ ಕೂಡುತ್ತಾಳೆ.

ಜೈ ಜಿನೇಂದ್ರ.